ಎರಡನೇ ಗೇಟಿನ ಮೇಲ್‌ಬಾಕ್ಸ್

ಮಾರ್ಚ್ 11, ಮಂಗಳವಾರ

…ಮೂರನೇ ಸಲ ಪಾಸ್‌ವರ್ಡ್ ಕೇಳಿದ್ದಕ್ಕೆ ಸಿರಾ ಬ್ರಾಂಚಿನವನು ಫೋನನ್ನೇ ಇಟ್ಟುಬಿಟ್ಟ. ಅದಕ್ಕೂ ಮೊದಲು ಮಧುಗಿರಿಯವರು ತಮ್ಮ ಮೇಲ್ ಐಡಿ ಯಾವುದು ಎಂದು ನನ್ನನ್ನೇ ಕೇಳಿದರು. ಅದಕ್ಕೂ ಮೊದಲು ಕರೆಂಟ್ ಹೋಗಿ, ಅರ್ಧ ಆಗಿದ್ದ ನಕಲು ನಿಂತು, ಮತ್ತೆ ಮೊದಲಿನಿಂದ ಶುರು. ಸೋಲಾರ್ ಪ್ಯಾನೆಲ್ ತೊಳೆಯುವ, ಕಾಯುವ ಗುತ್ತಿಗೆ ಹಿಡಿದ ಕಂಪನಿ ನಮ್ಮದು. ಪಾವಗಡದ ಆಫೀಸಿನಲ್ಲಿ ದಿನಕ್ಕೆ ಎರಡು ಸಲ ಕರೆಂಟ್ ಹೋಗುತ್ತದೆ. ಜೊತೆಗೆ ಕೆಲಸ ಮಾಡುವ ದಿವ್ಯ ಅದನ್ನು ಹೇಳಿಕೊಂಡು ನಗುತ್ತಾಳೆ. ನನಗೆ ನಗು ಬರಲಿಲ್ಲ.

ಕೆಲಸ ಇಷ್ಟೇ. ಇಷ್ಟು ವರ್ಷ ಕಂಪನಿಯ ಮೇಲ್ ಎಲ್ಲ ಹೊರಗಿನ ಬಾಡಿಗೆ ಸರ್ವರಿನಲ್ಲಿತ್ತು. ಇನ್ನು ಮೇಲೆ ನಮ್ಮದೇ ಸರ್ವರ್. ಅದು ಬಂದು ಹಿಂದಿನ ಕೋಣೆಯಲ್ಲಿ, ನೀರಿನ ಕ್ಯಾನುಗಳ ಪಕ್ಕ ಕೂತಿದೆ. ಅರವತ್ತೆರಡು ಮೇಲ್‌ಬಾಕ್ಸುಗಳನ್ನು ಅಲ್ಲಿಂದ ಇಲ್ಲಿಗೆ ತರಬೇಕು. ಮೂವತ್ತೊಂದನೇ ತಾರೀಖು ರಾತ್ರಿ ಹನ್ನೆರಡಕ್ಕೆ ಹಳೆಯದು ಮುಚ್ಚುತ್ತದೆ. ಆಮೇಲೆ ಅದರಲ್ಲಿ ಏನು ಉಳಿದಿದ್ದರೂ ಅಳಿಸಿಹೋಗುತ್ತದೆ.

ನೆಟ್ ತೆವಳುತ್ತಿತ್ತು. ಹೀಗೇ ಹೋದರೆ ಏಪ್ರಿಲ್ ಮುಗಿದರೂ ಆಗುವುದಿಲ್ಲ ಅನ್ನಿಸಿ ಮೂರನ್ನು ಬಿಟ್ಟೆ: ಸ್ಪ್ಯಾಮ್, ಕಸದ ಬುಟ್ಟಿ, ಡ್ರಾಫ್ಟ್. ಡ್ರಾಫ್ಟ್ ಎಂದರೆ ಬರೆದು ಕಳಿಸದೆ ಬಿಟ್ಟದ್ದು. ಕಳಿಸದ್ದು ಯಾರಿಗೆ ಬೇಕು. ಮ್ಯಾನೇಜರ್ ಪ್ರಸನ್ನ ಕುಮಾರ್ ಸಾರ್‌ಗೆ ಕೇಳಿದೆ. "ನಿಂಗೆ ತಿಳ್ದಂಗ್ ಮಾಡಪ್ಪ, ಮೂವತ್ತೊಂದಕ್ಕೆ ಮುಗೀಬೇಕು ಅಷ್ಟೆ" ಅಂದರು.

ಹೊಸೂರಿನಿಂದ ಗೆಳೆಯನ ಮೆಸೇಜ್ ಬಂದಿದೆ. ಅಲ್ಲಿ ಒಂದು ಕಂಪನಿಯಲ್ಲಿ ಜಾಗ ಇದೆಯಂತೆ, ಏಪ್ರಿಲ್ ಎರಡಕ್ಕೆ ಸೇರಬೇಕಂತೆ. ಬರುತ್ತೇನೆ ಅಂದೆ. ನಾಲ್ಕು ವರ್ಷದಲ್ಲಿ ಇದು ಐದನೇ ರೂಮು. ಪೆಟ್ಟಿಗೆ ಇನ್ನೂ ಪೂರ್ತಿ ಬಿಚ್ಚಿಲ್ಲ. ಬರೆಯಲು ಕೈ ಬರುವುದಿಲ್ಲ, ಹಾಗಾಗಿ ಮಲಗಿಕೊಂಡೇ ಫೋನಿಗೆ ಹೇಳುತ್ತಿದ್ದೇನೆ. ಸಾಕು.

ಮಾರ್ಚ್ 13, ಗುರುವಾರ

ಇಪ್ಪತ್ತಾರು ಬಾಕ್ಸು ಮುಗಿದವು.

ಯಾರು ಮೇಲ್ ಬಳಸುವುದೇ ಇಲ್ಲವೋ ಅವರ ಪಟ್ಟಿ ಕೊಡು ಎಂದು ಪ್ರಸನ್ನ ಸಾರ್ ಕೇಳಿದರು. ಹೊಸ ಸರ್ವರಿನಲ್ಲಿ ಸುಮ್ಮನೆ ಜಾಗ ಯಾಕೆ ಎಂದು. ಹತ್ತು ನಿಮಿಷದ ಕೆಲಸ. ಎಲ್ಲರಿಗಿಂತ ಮೇಲೆ ಬಂದದ್ದು ವಳ್ಳೂರು ಸೈಟಿನ ಎರಡನೇ ಗೇಟ್. ಬಾಕ್ಸ್ ತೆರೆದು ಎರಡು ವರ್ಷ ಎಂಟು ತಿಂಗಳು, ಕಳಿಸಿದ ಮೇಲ್ ಸೊನ್ನೆ.

ಸೈಟಿನ ಗೇಟುಗಳಿಗೆಲ್ಲ ಕಂಪನಿ ಒಂದೊಂದು ಫೋನು ಕೊಟ್ಟಿದೆ. ರಾತ್ರಿ ಕಾದವರು ಬೆಳಿಗ್ಗೆ ಆಫೀಸಿಗೆ ರಿಪೋರ್ಟ್ ಮೇಲ್ ಮಾಡಬೇಕು ಎಂಬುದು ನಿಯಮ. ಮಾಡಿದರೂ ಓದುವವರಿಲ್ಲ. ಆಫೀಸಿನ ಬಾಕ್ಸಿನಲ್ಲಿ ತೆರೆಯದೆ ಬಿದ್ದ ರಿಪೋರ್ಟುಗಳೇ ಹನ್ನೊಂದು ಸಾವಿರ. ದಿವ್ಯ ಪಟ್ಟಿ ನೋಡಿದಳು. ಕೊಳಾಲದವಳು, ಆಫೀಸಿನ ಮುಂದಿನ ಮೇಜಿನಲ್ಲಿ ಕೂರುತ್ತಾಳೆ, ಪತ್ರ, ರಜೆ, ಹಾಜರಿ ಎಲ್ಲ ಅವಳದೇ.

"ಪುಣ್ಯಾತ್ಮ. ಅವನೊಬ್ನಾದ್ರೂ ನಮ್ಮ ಬಾಕ್ಸ್ ತುಂಬಿಸ್ಲಿಲ್ಲ" ಅಂದಳು.

ಪಟ್ಟಿ ಕಳಿಸಿದೆ.

ಮಾರ್ಚ್ 17, ಸೋಮವಾರ

ಶನಿವಾರ ರಾತ್ರಿ ವಳ್ಳೂರು ಸೈಟಿನಲ್ಲಿ ಕಳವಾಗಿದೆ. ಮೂಡಲ ಬೇಲಿ ಕಿತ್ತಿದ್ದ ಕಡೆಯಿಂದ ಬಂದು ಆರು ಸುರುಳಿ ಕೇಬಲ್ ಹೊತ್ತುಕೊಂಡು ಹೋಗಿದ್ದಾರೆ. ಅದು ಎರಡನೇ ಗೇಟಿನ ಪಾಳಿ. ಅಲ್ಲಿ ಕಾಯುವವರು ಶಂಕರಲಿಂಗಪ್ಪ, ಅದೇ ಊರಿನವರು, ಐವತ್ತೆಂಟು ವಯಸ್ಸು.

ಬೆಳಿಗ್ಗೆ ಪ್ರಸನ್ನ ಸಾರ್ ನನ್ನ ಪಟ್ಟಿಯನ್ನು ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಮೊದಲನೇ ಸಾಲಿಗೆ ಕೆಂಪು ಗೆರೆ.

"ಎರಡೂ ಮುಕ್ಕಾಲು ವರ್ಷ ಒಂದು ರಿಪೋರ್ಟ್ ಕಳ್ಸಿಲ್ಲ ಈ ಮನುಷ್ಯ. ಬೇಲಿ ಕಿತ್ತೋಗಿರೋದು ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ಹೇಳ್ಬಾರ್ದು ಅಂತ್ಲೇ ಹೇಳಿಲ್ಲ. ಅಷ್ಟೂ ಅರ್ಥ ಆಗಲ್ವಾ?"

ಶಂಕರಲಿಂಗಪ್ಪನವರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ಕಳ್ಳರ ಜೊತೆ ಸೇರಿದ್ದಾರೆ ಎಂದು ಹೆಸರು ಬರೆದು ಕಂಪ್ಲೇಂಟ್ ಕೊಡುತ್ತಾರಂತೆ. ಪಟ್ಟಿ ನನ್ನದು. ಹಾಗಂತ ಕೇಬಲ್ ನಾನು ಕದ್ದಿಲ್ಲವಲ್ಲ. ಮಧ್ಯಾಹ್ನ ಚಿತ್ರಾನ್ನ ತಿಂದೆ. ಮೂವತ್ತೊಂಬತ್ತು ಮುಗಿದವು.

ಮಾರ್ಚ್ 19, ಬುಧವಾರ

ಅವರು ಬಂದಿದ್ದರು. ಹೆಂಡತಿ ಸಿದ್ದಗಂಗಮ್ಮನ ಜೊತೆ. ಒಳಗೆ ಕರೆದರೂ ಬರಲಿಲ್ಲ, ಬೈಕುಗಳ ನಡುವೆ ನಿಂತೇ ಇದ್ದರು. ಪ್ರಸನ್ನ ಸಾರ್ ಹೊರಗೆ ಬರಲಿಲ್ಲ, "ನೀನೇ ಕಂಪ್ಯೂಟರ್ ತೋರಿಸಿ ಕಳಿಸು" ಅಂದರು. ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಮೆಟ್ಟಿಲ ಮೇಲೆ ಇಟ್ಟೆ.

"ದಿನಾ ಬರ್ದಿದೀನಿ ಸಾ" ಅಂದರು. ನನ್ನನ್ನು ಸಾ ಅನ್ನುತ್ತಾರೆ. ನಮ್ಮಪ್ಪನಿಗಿಂತ ದೊಡ್ಡವರು. "ಒಂದಿನ ತಪ್ಸಿಲ್ಲ. ಬೇಲಿ ಕಿತ್ತೋಗೈತೆ ಅಂತ ಎಂಟು ದಪ ಬರ್ದಿದೀನಿ."

ಹೊಸ ಸರ್ವರಿನಲ್ಲಿ ಎರಡನೇ ಗೇಟಿನ ಬಾಕ್ಸ್ ತೆರೆದು ತೋರಿಸಿದೆ. ಬಂದದ್ದು ನಾಲ್ಕು, ಎಲ್ಲ ಹಬ್ಬದ ಶುಭಾಶಯ. ಕಳಿಸಿದ್ದು ಖಾಲಿ. ಅವರು ಬಗ್ಗಿ ನೋಡಿದರು. ಪರದೆಯ ಬಿಳಿ ಅವರ ಕನ್ನಡಕದಲ್ಲಿ ಕಾಣಿಸುತ್ತಿತ್ತು.

"ಇಲ್ವಲ್ಲ ಯಜಮಾನ್ರೆ" ಅಂದೆ.

"ಇಲ್ದೆ ಎಂಗಿರ್ತದೆ? ಬರ್ದಿದ್ದು ಎಲ್ಗೋಯ್ತು ಮತ್ತೆ?"

"ಕಂಪ್ಯೂಟರ್ ಸುಳ್ಳು ಹೇಳಲ್ಲ."

ಅದಕ್ಕೆ ಸಿದ್ದಗಂಗಮ್ಮ ಸೆರಗು ಸರಿ ಮಾಡಿಕೊಂಡು ಮುಂದೆ ಬಂದರು. "ಯೇನಪ್ಪ, ನಿನ್ ಡಬ್ಬಿ ಸುಳ್ಳೇಳಲ್ಲ ಅಂತೀಯ. ನಮ್ಮೋರು ಏಳ್ತಾರಾ? ಮೂವತ್ತೈದು ವರ್ಸ ಸಂಸಾರ ಮಾಡಿದೀನಿ, ಒಂದು ಸುಳ್ಳು ನೆಟ್ಟಗೆ ಏಳಾಕ್ ಬರಕಿಲ್ಲ ಇವ್ರಿಗೆ. ಏಳಾಕೋದ್ರೆ ಕೆಮ್ಮು ಬತ್ತದೆ. ಈಗೇನಾರ ಕೆಮ್ಮಿದ್ರಾ?"

ಅವರು ಕೆಮ್ಮಿರಲಿಲ್ಲ.

"ಕಳ್ರ ಪಟ್ಟೀಲಿ ನನ್ನೆಸ್ರು ಬರ್ಕಂತಾರಂತೆ ಸಾ. ಅದೊಂದ್ ಬರೀಬ್ಯಾಡಿ ಅಂತ ಏಳಿ. ಕೆಲ್ಸ ಓದ್ರೆ ಓಗ್ಲಿ" ಎಂದು ಹೇಳಿ ಶಂಕರಲಿಂಗಪ್ಪ ಹೆಂಡತಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಮಾರ್ಚ್ 20, ಗುರುವಾರ

ಇವತ್ತು ಏನೂ ಇಲ್ಲ. ನಲವತ್ತೇಳು.

ಹುಲಿಕುಂಟೆಯಿಂದ ಅಮ್ಮ ಫೋನ್ ಮಾಡಿದ್ದಳು. ಹಬ್ಬಕ್ಕೆ ಬರುತ್ತೀಯಾ ಎಂದು. ಗೊತ್ತಿಲ್ಲ, ಮೇಲ್ ಸಾಗಿಸುತ್ತಿದ್ದೇನೆ ಅಂದೆ.

"ಅಂಗಂದ್ರೇನ್ಲಾ ಯೋಗಿ? ಮಂದೆ ಒಡ್ಕಂಡೋದಂಗಾ?"

"ಊಂ ಕಣಮ್ಮ, ಅಂಗೇ."

"ನಾಯಿ ಐತಾ?"

"ಇಲ್ಲ."

"ನಾಯಿ ಇಲ್ದೆ ಮಂದೆ ಒಡ್ದೋನ್ನ ನಾನು ಕಂಡಿಲ್ಲ ಬುಡು. ಉಂಡ್ಯಾ?"

ಉಂಡೆ ಅಂದೆ. ಉಂಡಿರಲಿಲ್ಲ.

ಮಾರ್ಚ್ 22, ಶನಿವಾರ

ಗೇಟುಗಳ ಫೋನುಗಳಿಗೆ ಹೊಸ ಸರ್ವರಿನ ಸೆಟ್ಟಿಂಗ್ ಹಾಕಲು ವಳ್ಳೂರಿಗೆ ಹೋಗಿದ್ದೆ. ಬಿಸಿಲು. ಪ್ಯಾನೆಲ್‌ಗಳ ಸಾಲಿನ ನಡುವೆ ನಡೆದರೆ ಎರಡೂ ಕಡೆ ಸುಡುತ್ತದೆ. ಒಂದನೇ ಗೇಟ್, ಮೂರನೇ ಗೇಟ್, ನಾಲ್ಕನೇ ಗೇಟ್ ಮುಗಿಸಿ ಕೊನೆಗೆ ಎರಡಕ್ಕೆ ಹೋದೆ. ಅಲ್ಲಿ ಸಿಗ್ನಲ್ ಇಲ್ಲ. ಬದಲಿಗೆ ಬಂದವನು ಫೋನು ಕೊಟ್ಟ. ಗಾಜಿಗೆ ಎಲೆ ಅಡಿಕೆಯ ಸುಣ್ಣದ ಬೆರಳ ಗುರುತು ಅಂಟಿತ್ತು. ಹಳೆಯ ಅಕೌಂಟ್ ತೆಗೆಯುವ ಮೊದಲು ಒಮ್ಮೆ ತೆರೆದು ನೋಡುವುದು ವಾಡಿಕೆ. ನೋಡಿದೆ.

ಡ್ರಾಫ್ಟ್: 961.

ಬಿಸಿಲಿಗೆ ಅಕ್ಷರ ಕಾಣದೆ ಗೇಟಿನ ಶೆಡ್ಡಿನೊಳಗೆ ಹೋಗಿ ಒಂದನ್ನು ತೆರೆದೆ.

"ಜನವರಿ 9. ರಾತ್ರಿ 10ರಿಂದ ಬೆಳಿಗ್ಗೆ 6. ಮೂಡಲ ಬೇಲಿ ತಂತಿ ನಾಲ್ಕು ಮಾರು ಕಿತ್ತಿದೆ. ಕುರಿ ಒಳಗೆ ಬಂದಿದ್ದವು, ಓಡಿಸಿದೆ. ಸದ್ಯಕ್ಕೆ ಹಗ್ಗ ಕಟ್ಟಿದ್ದೇನೆ. ಹಗ್ಗ ಸಾಲದು. ತಂತಿ ಕಳಿಸಿಕೊಡಬೇಕಾಗಿ ವಿನಂತಿ. ಇಂತಿ, ಶಂಕರಲಿಂಗಪ್ಪ, 2ನೇ ಗೇಟ್."

ಫೋನು ಜೇಬಿಗೆ ಹಾಕಿಕೊಂಡು ಅವರ ಮನೆ ಕೇಳಿಕೊಂಡು ಹೋದೆ. ಅವರು ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದರು. ಎದ್ದು ನಿಂತರು. ರಿಪೋರ್ಟ್ ಹೇಗೆ ಕಳಿಸುತ್ತಿದ್ದಿರಿ, ಒಂದು ಸಲ ಮಾಡಿ ತೋರಿಸಿ ಅಂದೆ. ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಒಂದೊಂದೇ ಅಕ್ಷರ ಹುಡುಕಿ ಬರೆದರು: "ಮಾರ್ಚ್ 22. ಏನೂ ವಿಶೇಷವಿಲ್ಲ." ಆಮೇಲೆ ಮೂಲೆಯ ಹಿಂದಿನ ಬಾಣ ಒತ್ತಿದರು. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಎರಡು ಪದ ಬಂದು ಹೋದವು, ಡ್ರಾಫ್ಟ್ ಆಗಿ ಇಟ್ಟಿದೆ ಎಂದು. ಅವರಿಗೆ ಇಂಗ್ಲಿಷ್ ಓದಲು ಬಾರದು.

"ಅಷ್ಟೇಯ. ಓಯ್ತು" ಅಂದರು.

"ಕಳಿಸೋ ಗುರುತು ಒತ್ತಲ್ವಾ?"

"ಅದ್ನ ಒತ್ತಬ್ಯಾಡ ಅಂದಿದ್ರಲ್ಲ. ಗೇಟಲ್ಲಿ ಸಿಗ್ನಲ್ ಇಲ್ಲ, ಒತ್ತುದ್ರೆ ತಿರುಗ್ತಾ ನಿಂತ್ಕಂತದೆ, ಬರ್ದು ಹಿಂದಕ್ಕೆ ಒತ್ತಿ ಇಡು ಸಾಕು, ಅದು ಓಗ್ತದೆ ಅಂತ. ಸೂಪ್ರವೈಜರ್ ಯೇಳಿದ್ದು. ಮೊದ್ಲಿದ್ರಲ್ಲ, ಅವ್ರು. ಬ್ಯಾರೆ ಗೇಟ್ನೋರ ತಾವ ಬೆಳಿಗ್ಗೆ ಬಂದು ಫೋನ್ ಇಸ್ಕಂಡು ರಸ್ತೆಗಂಟ ಓಗಿ ಬರೋರು."

ಆ ಸೂಪರ್‌ವೈಸರ್ ರಸ್ತೆಗೆ ಹೋಗಿ ಸಿಗ್ನಲ್ ಸಿಕ್ಕ ಮೇಲೆ ಕಳಿಸುತ್ತಿದ್ದ. ಉಳಿದ ಗೇಟಿನವರ ರಿಪೋರ್ಟುಗಳು ಹಾಗೇ ಹೋಗುತ್ತಿದ್ದವು, ಈಗ ಅವರು ತಾವೇ ರಸ್ತೆಗೆ ನಡೆಯುತ್ತಾರೆ. ಶಂಕರಲಿಂಗಪ್ಪ ಎರಡನೇ ಗೇಟಿಗೆ ಬಂದ ಮಾರನೇ ಬೆಳಿಗ್ಗೆಯೇ ಆ ಸೂಪರ್‌ವೈಸರ್ ಕೆಲಸ ಬಿಟ್ಟ. ಅವನು ಬೆಳಿಗ್ಗೆ ಬಂದು ಏನು ಮಾಡುತ್ತಿದ್ದ ಎಂದು ಇವರಿಗೆ ಯಾರೂ ಹೇಳಲಿಲ್ಲ.

"ಇಷ್ಟು ದಿನ ಯಾರೂ ಉತ್ತರ ಕೊಡಲಿಲ್ಲ, ಅನುಮಾನ ಬರಲಿಲ್ವಾ?"

"ಆಪೀಸ್ನೋರು ಗೇಟ್ನೋನಿಗೆ ಯಾಕ್ ಉತ್ರ ಕೊಡ್ತಾರೆ ಸಾ?"

ಸಿದ್ದಗಂಗಮ್ಮ ಮಜ್ಜಿಗೆ ತಂದು ಕೊಟ್ಟರು. ಕುಡಿದು ಬಂದೆ. ಎರಡನೇ ಗೇಟಿನ ಫೋನಿಗೆ ಹೊಸ ಸೆಟ್ಟಿಂಗ್ ಹಾಕಲಿಲ್ಲ. ಮರೆತೆನೋ ಏನೋ.

ಮಾರ್ಚ್ 23, ಭಾನುವಾರ

ರಜೆ. ಹಳೆಯ ಸರ್ವರಿಗೆ ರೂಮಿನಿಂದಲೇ ಲಾಗಿನ್ ಆಗಿ "ಬೇಲಿ" ಎಂದು ಹುಡುಕಿದೆ. ಹನ್ನೊಂದು ಸಿಕ್ಕವು. ಅವರು ಎಂಟು ಅಂದಿದ್ದರು. ಫೋನನ್ನು ಚಾರ್ಜಿಗೆಂದು ಮನೆಗೆ ಒಯ್ದಾಗಲೆಲ್ಲ ಊರಿನ ಸಿಗ್ನಲ್ ಸಿಕ್ಕಿ, ಬರೆದದ್ದು ಡ್ರಾಫ್ಟ್ ಆಗಿಯೇ ಈ ಸರ್ವರಿಗೆ ಬಂದು ಕೂತಿತ್ತು.

ಬೇರೆಯವನ್ನೂ ಓದಿದೆ. ಹೆಚ್ಚಿನವು ಒಂದೇ ಸಾಲು. ಏನೂ ವಿಶೇಷವಿಲ್ಲ. ಗಾಳಿ ಜಾಸ್ತಿ. ನರಿ ಬಂದಿತ್ತು. 7ನೇ ಸಾಲಿನ ದೀಪ ಉರಿಯುತ್ತಿಲ್ಲ. 7ನೇ ಸಾಲಿನ ದೀಪ ಇನ್ನೂ ಉರಿಯುತ್ತಿಲ್ಲ. ನನಗೆ ಜ್ವರ, ಆದರೂ ಬಂದಿದ್ದೇನೆ. ಏನೂ ವಿಶೇಷವಿಲ್ಲ. ಒಂದು ಕಡೆ ಹೀಗಿತ್ತು: "ನಮ್ಮ ಅತ್ತೆಯವರು ತೀರಿಕೊಂಡರು. ನಾಳೆ ಒಂದು ದಿನ ರಜೆ ಬೇಕಾಗಿ ವಿನಂತಿ." ಮರುದಿನದ್ದೂ ಇದೆ: "ಉತ್ತರ ಬಾರದ ಕಾರಣ ಪಾಳಿಗೆ ಬಂದಿದ್ದೇನೆ."

ಮುನ್ನೂರರ ತನಕ ಓದಿ ನಿಲ್ಲಿಸಿದೆ. ಹೊಟ್ಟೆ ಹಸಿದಿರಲಿಲ್ಲ.

ಮಾರ್ಚ್ 24, ಸೋಮವಾರ

ಪ್ರಸನ್ನ ಸಾರ್‌ಗೆ ಹೇಳಿದೆ. ಬಾಗಿಲು ಹಾಕಿಕೊಂಡು ಬಾ ಅಂದರು. ಪೂರ್ತಿ ಕೇಳಿದರು. ಕೂಗಾಡಲಿಲ್ಲ. ಅವರು ಕೂಗಾಡುವವರಲ್ಲ.

"ಡ್ರಾಫ್ಟ್ ಅಂದ್ರೆ ಕಳ್ಸಿಲ್ಲ ಅಂತ ತಾನೆ?"

"ಹೌದು ಸಾರ್. ಆದರೆ ಬರೆದಿದ್ದಾರೆ."

"ನೋಡಪ್ಪ ಯೋಗೀಶ. ಇದು ಹೊರಗೆ ಬಂದ್ರೆ ಮೊದಲ್ನೇ ಪ್ರಶ್ನೆ ಏನು? ಎರಡೂ ಮುಕ್ಕಾಲು ವರ್ಷ ಒಂದು ಗೇಟಿಂದ ರಿಪೋರ್ಟ್ ಬರ್ಲಿಲ್ಲ, ಮ್ಯಾನೇಜರ್ ಏನ್ ಮಾಡ್ತಿದ್ದ? ಅದು ನಾನು. ಎರಡನೇ ಪ್ರಶ್ನೆ, ಡ್ರಾಫ್ಟ್ ಬಿಟ್ಟು ನಕಲು ಮಾಡಿದ್ಯಾರು? ಅದು ನೀನು. ನಂಗೆ ಇಬ್ರು ಮಕ್ಳು. ನಿಂಗೆ ಹೊಸೂರಲ್ಲಿ ಕೆಲ್ಸ ಕಾಯ್ತಾ ಐತೆ, ಅನುಭವದ ಸರ್ಟಿಫಿಕೇಟ್ ಬೇಕು. ಅದನ್ನ ಸೈನ್ ಮಾಡೋನು ಯಾರು?"

ಮೇಜಿನ ಮೇಲಿದ್ದ ಪಟ್ಟಿಯನ್ನು ಮಡಿಸಿ ಡ್ರಾಯರಿಗೆ ಹಾಕಿದರು.

"ಮೂವತ್ತೊಂದಕ್ಕೆ ಅದು ತಾನಾಗೇ ಹೋಗ್ತದೆ. ನಾವೇನೂ ಅಳಿಸ್ಬೇಕಿಲ್ಲ. ಸುಮ್ನೆ ಇದ್ದು ಬುಡು."

ಸರಿ ಸಾರ್ ಅಂದೆ. ಹೊರಗೆ ಬಂದು ಟೀ ಕುಡಿದೆ. ಐವತ್ತೈದು ಮುಗಿದಿವೆ.

ಮಾರ್ಚ್ 26, ಬುಧವಾರ

ಎರಡನೇ ಗೇಟಿನ ಡ್ರಾಫ್ಟುಗಳನ್ನೂ ಹೊಸ ಸರ್ವರಿಗೆ ನಕಲು ಮಾಡಿದೆ. ಯಾಕೆಂದರೆ ಮಧ್ಯಾಹ್ನ ನೆಟ್ ಖಾಲಿ ಇತ್ತು.

ದಿವ್ಯ ಹಿಂದೆ ಬಂದು ನಿಂತು ನೋಡುತ್ತಿದ್ದಳು. ಪ್ರಸನ್ನ ಸಾರ್ ಊಟಕ್ಕೆ ಹೋಗಿದ್ದರು. ಅವಳಿಗೂ ಹೇಳಿಬಿಟ್ಟೆ. ಪಟ್ಟಿ ನೋಡಿ ತಾನು ಆಡಿದ ಮಾತು ನೆನಪಾಯಿತೋ ಏನೋ, ಮುಖ ಸಣ್ಣದಾಯಿತು.

"ಇದು ಯಾವ ಕೆಲ್ಸಕ್ಕೂ ಬರಲ್ಲ ಕಣೋ" ಅಂದಳು.

"ಯಾಕೆ?"

"ಹೊಸ ಸರ್ವರ್ ಯಾರ ಕೈಲಿ ಐತೆ? ನಿನ್ ಕೈಲಿ. ನೀನೇ ಕೂತ್ಕಂಡು ಬರ್ದು, ಹಿಂದಿನ ತಾರೀಕು ಹಾಕಿ ಸೇರ್ಸಿದೀಯ ಅಂದ್ರೆ? ನಾನೇ ಪೊಲೀಸ್ ಆಗಿದ್ರೆ ಅಂಗೇ ಅಂತಿದ್ದೆ. ಹಳೇದ್ರಲ್ಲಿ ಇರೋದು ಇರೋ ಹಂಗೇ ಯಾರಾದ್ರೂ ನೋಡ್ಬೇಕು. ಅದು ನಮ್ಮ ಕೈಲಿ ಇಲ್ವಲ್ಲ, ಅದಕ್ಕೆ."

ಸರಿಯಾಗಿಯೇ ಹೇಳಿದಳು. ಹಳೆಯ ಸರ್ವರಿನ ತಾರೀಖನ್ನು ನಾನು ಮುಟ್ಟಲಾರೆ. ಹೊಸದರಲ್ಲಿ ಏನು ಬೇಕಾದರೂ ಮಾಡಬಲ್ಲೆ. ನಮ್ಮದೇ ಸರ್ವರ್ ಎಂದರೆ ಅದೇ.

ಮಾರ್ಚ್ 28, ಶುಕ್ರವಾರ

ಕಂಪ್ಲೇಂಟ್ ಕೊಟ್ಟಾಗಿದೆ. ಇವತ್ತು ಶಂಕರಲಿಂಗಪ್ಪನವರನ್ನು ಸ್ಟೇಷನ್ನಿಗೆ ಕರೆಸಿ ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿದ್ದರಂತೆ. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಕೂರಿಸಿದ್ದರು ಅಷ್ಟೇ. ಎಸ್‌ಐ ಹಬ್ಬ ಮುಗಿಸಿ ಮಂಗಳವಾರ ಬಂದು, ಹೆಸರು ಆರೋಪಿಗಳ ಪಟ್ಟಿಗೆ ಸೇರಿಸುವುದೋ ಬೇಡವೋ ನೋಡುತ್ತಾರಂತೆ. ಮಂಗಳವಾರ ಅಂದರೆ ಏಪ್ರಿಲ್ ಒಂದು. ಹಳೆಯ ಸರ್ವರ್ ಸೋಮವಾರ ರಾತ್ರಿಯೇ ಮುಚ್ಚುತ್ತದೆ.

ಇದನ್ನು ಹೇಳಿದ್ದು ಸಿದ್ದಗಂಗಮ್ಮ, ಫೋನಿನಲ್ಲಿ. ನನ್ನ ನಂಬರ್ ಅವರಿಗೆ ಯಾರು ಕೊಟ್ಟರು ಎಂದು ಕೇಳಲಿಲ್ಲ.

"ಬೆಂಚ್ ಮ್ಯಾಲೆ ಇವ್ರ ಪಕ್ಕ ಕುಂತಿದ್ದೋನು ನಿಜವಾದ್ ಕಳ್ಳ ಅಂತೆ ಕಣಪ್ಪ. ಕೋಳಿ ಕಳ್ಳ. ಇವ್ರು ಅವ್ನಿಗೂ ಅರ್ಧ ಎಲೆ ಅಡಿಕೆ ಕೊಟ್ಟವ್ರೆ. ಮನೇಗ್ ಬಂದು ಎಲ್ರೂ ನನ್ನೂ ಅವ್ನೂ ಒಂದೇ ತರ ನೋಡೋರು ಅಂತ ಯೇಳುದ್ರು. ಅಷ್ಟೇ ಯೇಳಿದ್ದು."

ಹೂಂ ಅಂದೆ. ಅವರು ಫೋನ್ ಇಟ್ಟರು.

ಅರವತ್ತೆರಡೂ ಮುಗಿದವು.

ಮಾರ್ಚ್ 30, ಭಾನುವಾರ

ಯುಗಾದಿ. ಊರಿಗೆ ಹೋಗಲಿಲ್ಲ. ಅಮ್ಮ ಬೈದಳು.

ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿದ್ದೆ. ಹೋಗಬೇಕು ಎಂದು ತೀರ್ಮಾನ ಮಾಡಿದ್ದೇನೂ ಇಲ್ಲ, ಟೀ ಅಂಗಡಿ ಆ ಕಡೆ ಇದೆ. ಹೆಡ್ ಕಾನ್‌ಸ್ಟೇಬಲ್ ಚಿಕ್ಕಹನುಮಯ್ಯ ಒಬ್ಬರೇ ಇದ್ದರು. ಯಾರೋ ತಂದುಕೊಟ್ಟ ಹೋಳಿಗೆ ಪೇಪರಿನ ಮೇಲೆ ಹರಡಿಕೊಂಡಿತ್ತು.

"ಮಂಗಳವಾರ ಬಾ. ಸಾಹೇಬ್ರು ಇಲ್ಲ."

"ಮಂಗಳವಾರಕ್ಕೆ ಅದು ಇರಲ್ಲ ಸಾರ್. ನಾಳೆ ರಾತ್ರಿ ಹನ್ನೆರಡಕ್ಕೆ ಹೋಗಿಬಿಡ್ತದೆ."

"ಅದೇನ್ ಮಂಜುಗಡ್ಡೆನೇನಪ್ಪ, ಕರ್ಗೋಗಾಕೆ?"

"ಹಂಗೇ ಅನ್ಕಳ್ಳಿ ಸಾರ್."

ಅವರು ಕೈ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನ್ ಆ ಮುದುಕನ್ಗೆ ಏನಾಗ್ಬೇಕು?"

ಏನೂ ಇಲ್ಲ ಅಂದೆ. "ನಮ್ಮ ಕಂಪನಿಯ ಮೇಲ್ ಸಾಗಿಸಿದ್ದು ನಾನು. ಅವರದನ್ನ ಬಿಟ್ಟು ಸಾಗಿಸಿದೆ. ಅವರು ಒಂದೂ ರಿಪೋರ್ಟ್ ಕಳಿಸಿಲ್ಲ ಅಂತ ಪಟ್ಟಿ ಕೊಟ್ಟಿದ್ದೂ ನಾನೇ."

ಇದನ್ನು ಇಷ್ಟು ಸಲೀಸಾಗಿ ಹೇಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

"ಕಂಪ್ನೀಲೇ ಇದ್ಕಂಡು ಕಂಪ್ನಿ ಮ್ಯಾಲೇ ಬಂದಿದೀಯಲ್ಲಯ್ಯ. ಧೈರ್ಯನೋ, ತಲೆ ಸರಿ ಇಲ್ವೋ?" ಎಂದು ಒಂದು ಹೋಳಿಗೆ ನನ್ನ ಕಡೆ ತಳ್ಳಿದರು. "ನಾಳೆ ರಂಜಾನ್ ಬಂದೋಬಸ್ತ್. ಐದು ಗಂಟೆ ಮೇಲೆ ಬಾ. ಮಹಜರು ಬರೀತೀನಿ. ಕಣ್ಣಾರೆ ಕಂಡಿದ್ದು ಕಂಡಂಗೆ ಬರ್ಯೋದಷ್ಟೇ ನನ್ ಕೆಲ್ಸ. ಸಾಕ್ಷಿಗೆ ಇಬ್ರು ಬೇಕು."

ಹೋಳಿಗೆಗೆ ಬೆಲ್ಲ ಕಡಿಮೆ.

ಮಾರ್ಚ್ 31, ಸೋಮವಾರ

ಸಾಕ್ಷಿಗೆ ದಿವ್ಯ ಬಂದಳು. ಊರಲ್ಲಿ ಹಬ್ಬದ ಮರುದಿನದ ಹೊಸತೊಡಕಿನ ಬಾಡೂಟ ಬಿಟ್ಟು, ಕೊಳಾಲದಿಂದ ಎರಡು ಬಸ್ಸು ಹಿಡಿದು. "ಅಣ್ಣ ನನ್ ಪಾಲಿನ ಮೂಳೇನೂ ಉಳ್ಸಲ್ಲ" ಅನ್ನುತ್ತಲೇ ಬಂದಳು. ಇನ್ನೊಬ್ಬರು ಸ್ಟೇಷನ್ ಎದುರಿನ ಟೀ ಅಂಗಡಿಯವರು. ಶಂಕರಲಿಂಗಪ್ಪ, ಸಿದ್ದಗಂಗಮ್ಮ ಮೂರು ಗಂಟೆಗೇ ಬಂದು ಮರದ ಕೆಳಗೆ ಕೂತಿದ್ದರು.

ಚಿಕ್ಕಹನುಮಯ್ಯ ಬಂದದ್ದು ಐದೂಮುಕ್ಕಾಲಿಗೆ. ಲ್ಯಾಪ್‌ಟಾಪನ್ನು ಸ್ಟೇಷನ್ ಜಗುಲಿಯ ಮೇಜಿನ ಮೇಲೆ ಇಟ್ಟು, ನನ್ನ ಫೋನಿನ ನೆಟ್‌ಗೆ ಸೇರಿಸಿ, ಹಳೆಯ ಸರ್ವರನ್ನು ಎಲ್ಲರ ಎದುರಿಗೇ ತೆರೆದೆ. ಅವರು ಮಹಜರಿನ ಕಾಗದದಲ್ಲಿ ಬರೆಯುತ್ತಾ ಹೋದರು. ಒಟ್ಟು 962. ಅದರಲ್ಲಿ ಕೊನೆಯದು ನನ್ನೆದುರಿಗೆ ಬರೆದದ್ದು, ಅದನ್ನೂ ಹೇಳಿದೆ. ಬೇಲಿಯ ವಿಷಯ ಇರುವ ಹನ್ನೊಂದನ್ನು ತಾರೀಖು, ಗಂಟೆ ಸಹಿತ ಬರೆದುಕೊಂಡರು. ಬರೆದರೇ ಹೊರತು ಮುಖದಲ್ಲಿ ನಂಬಿಕೆ ಇರಲಿಲ್ಲ.

"ಇದೆಲ್ಲ ಹಿಂದಿಂದೇ ಅಂತ ಆ ಕಂಪ್ಯೂಟರ್ ಏಳ್ತದೆ. ನಾನ್ ಎಂಗೆ ಏಳ್ಲಿ? ಸಾಹೇಬ್ರು ಕೇಳುದ್ರೆ?"

ಏಳನೆಯದನ್ನು ತೆರೆದೆ. ಅವರು ಕನ್ನಡಕ ಮೇಲೆತ್ತಿ ಗಟ್ಟಿಯಾಗಿ ಓದಿದರು.

"ಅಕ್ಟೋಬರ್ 19. ಮಳೆ. ರಾತ್ರಿ ಎರಡೂಕಾಲಿಗೆ ಬೀಟಿನ ಪೊಲೀಸರು ಬಂದಿದ್ದರು. ಬೈಕಿನ ಚೈನ್ ಕಳಚಿತ್ತು. ಟಾರ್ಚ್ ಹಿಡಿದೆ. ಹಾಕಿಕೊಂಡು ಹೋದರು. ಮೂಡಲ ಬೇಲಿ ಕಿತ್ತಿರುವ ವಿಷಯ ಅವರಿಗೂ…"

ಅಲ್ಲಿಗೆ ನಿಲ್ಲಿಸಿದರು. ಟೀ ಅಂಗಡಿಯವರು ನನ್ನ ಮುಖ ನೋಡಿದರು. ರಸ್ತೆಯಲ್ಲಿ ಹೊಸ ಬಟ್ಟೆ ತೊಟ್ಟ ಮಕ್ಕಳು ಐಸ್‌ಕ್ರೀಮ್ ಹಿಡಿದು ಹೋಗುತ್ತಿದ್ದರು.

ಚಿಕ್ಕಹನುಮಯ್ಯ ಮರದ ಕಡೆ ತಿರುಗಿದರು. "ಯಜಮಾನ. ಅವತ್ತು ಟಾರ್ಚ್ ಹಿಡ್ದಿದ್ದು ನೀನಾ?"

ಶಂಕರಲಿಂಗಪ್ಪ ಎದ್ದು ಬಂದರು. "ಊಂ ಸಾ. ತಾವು ತಲೆ ಮ್ಯಾಲೆ ಗೋಣಿಚೀಲ ಆಕ್ಕಂಡಿದ್ರಿ. ಮಳೇಲಿ ಗುರ್ತು ಸಿಗ್ಲಿಲ್ಲ ಅಂತ ಕಾಣ್ತದೆ."

"ಬೇಲಿ ವಿಷ್ಯ ಯೇಳಿದ್ಯಾ ನಂಗೆ?"

"ಯೇಳಿದ್ದೆ. ಆಗ್ಲಿ ನೋಡಣ ಅಂದ್ರಿ."

ಸಿದ್ದಗಂಗಮ್ಮ ಗಂಡನ ಹಿಂದೆ ಬಂದು ನಿಂತರು. "ಕೆಮ್ಮಿದ್ರಾ ಸಾಮಿ?" ಎಂದು ನಿಧಾನಕ್ಕೆ ಕೇಳಿದರು. ಅದೇನೆಂದು ಚಿಕ್ಕಹನುಮಯ್ಯನವರಿಗೆ ಅರ್ಥವಾಗಲಿಲ್ಲ, ಅವರು ಕೇಳಲೂ ಇಲ್ಲ. ಪೆನ್ನು ಎತ್ತಿಕೊಂಡು ಬರೆದರು. ಆ ಚೈನ್ ಕಳಚಿದ ಬೈಕು ತಮ್ಮದೇ ಎಂದು, ಆ ರಾತ್ರಿ ಬೀಟಿನಲ್ಲಿ ತಾವೇ ಇದ್ದದ್ದು ಎಂದು, ಬೇಲಿಯ ವಿಷಯವನ್ನು ಈ ವ್ಯಕ್ತಿ ತಮಗೆ ಬಾಯಿಮಾತಿನಲ್ಲಿ ತಿಳಿಸಿದ್ದು ನಿಜ, ತಾವು ಅದನ್ನು ಮರೆತದ್ದೂ ನಿಜ ಎಂದು. ಬರೆದು ಮುಗಿಸಿ ನಮ್ಮೆಲ್ಲರ ಕೈಲಿ ಸಹಿ ಹಾಕಿಸಿದರು.

ದಿವ್ಯ ತನ್ನ ಹೆಸರನ್ನು ಕನ್ನಡದಲ್ಲಿ ಬರೆದಳು. ಬಸ್ ಸ್ಟ್ಯಾಂಡಿನಲ್ಲಿ "ನಾಳೆ ಇಬ್ಬರೂ ಬೈಸ್ಕಳಣ ಬಿಡು" ಅಂದಳು.

ಹನ್ನೆರಡಕ್ಕೆ ಎರಡು ನಿಮಿಷ ಇದ್ದಾಗ ಹಳೆಯ ಸರ್ವರಿಗೆ ಒಮ್ಮೆ ಲಾಗಿನ್ ಆದೆ. ಹನ್ನೆರಡು ದಾಟಿದ ಮೇಲೆ ಮತ್ತೆ ಪ್ರಯತ್ನಿಸಿದೆ. ಇಂಥ ಅಕೌಂಟ್ ಇಲ್ಲ ಅಂದಿತು. ಲೈಟ್ ಆರಿಸಿದೆ.

ಏಪ್ರಿಲ್ 1, ಮಂಗಳವಾರ

ಎಸ್‌ಐ ಮಹಜರು ಓದಿದರು. ಚಿಕ್ಕಹನುಮಯ್ಯನವರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಏನೋ ಅಂದರು. ಅದು ಹೊರಗೆ ಕೇಳಿಸಲಿಲ್ಲ. ಆಮೇಲೆ ಶಂಕರಲಿಂಗಪ್ಪನವರ ಹೆಸರು ಆರೋಪಿಗಳ ಪಟ್ಟಿಗೆ ಹೋಗಲಿಲ್ಲ. ಸಾಕ್ಷಿಗಳ ಪಟ್ಟಿಯಲ್ಲಿ ಬರೆದುಕೊಂಡರು. ಕಂಪನಿಗೂ ಒಂದು ಪತ್ರ ಬಂತು: ಇಷ್ಟು ದಿನದ ರಿಪೋರ್ಟುಗಳನ್ನು ಯಾರು ಓದುತ್ತಿದ್ದರು ಎಂದು.

ಪ್ರಸನ್ನ ಸಾರ್ ನನ್ನ ಜೊತೆ ಮಾತಾಡಲಿಲ್ಲ. ನಾನು ಕೇಳಿದ್ದ ಸರ್ಟಿಫಿಕೇಟ್ ಸಹಿ ಇಲ್ಲದೆ ನನ್ನ ಮೇಜಿಗೆ ವಾಪಸ್ ಬಂದಿತ್ತು. ಬೆಂಗಳೂರಿನಿಂದ ಓನರ್ ಪ್ರಸನ್ನ ಸಾರ್‌ಗೇ ಫೋನ್ ಮಾಡಿ, ಎರಡನೇ ಗೇಟಿಗೆ ಹಳಬರನ್ನೇ ಹಾಕಿ ಅಂದರಂತೆ. ದಿವ್ಯ ಹೇಳಿದಳು. ಹೊಸೂರಿನಿಂದ ಮೂರು ಮಿಸ್ಡ್ ಕಾಲ್ ಇದ್ದವು. ಸಂಜೆ ವಳ್ಳೂರಿಗೆ ಹೋಗಬೇಕಿತ್ತು, ತಿರುಗಿ ಮಾಡಲಾಗಲಿಲ್ಲ.

ಮೂಡಲ ಬೇಲಿಗೆ ಹೊಸ ತಂತಿ ಕಟ್ಟುತ್ತಿದ್ದರು. ಶಂಕರಲಿಂಗಪ್ಪ ಹೊತ್ತಿಗೆ ಮೊದಲೇ ಪಾಳಿಗೆ ಬಂದಿದ್ದರು, ಇಸ್ತ್ರಿ ಮಾಡಿದ ಅಂಗಿ. ಎರಡನೇ ಗೇಟಿನ ಫೋನಿಗೆ ಹೊಸ ಸೆಟ್ಟಿಂಗ್ ಹಾಕಿದೆ. ಇಬ್ಬರೂ ರಸ್ತೆಯವರೆಗೆ ನಡೆದು, ಸಿಗ್ನಲ್ ಎಲ್ಲಿ ಸಿಗುತ್ತದೆ ಎಂದು ಹುಡುಕಿ, ಅಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದೆವು. ಯಾವ ಗುರುತು ಒತ್ತಬೇಕು ಎಂದು ತೋರಿಸಿದೆ. ನಾಲ್ಕು ಸಲ ಮಾಡಿಸಿದೆ. ಸರಿಯಾಗಿ ಒತ್ತಿದರು. ಆದರೂ ಫೋನನ್ನು ಜೇಬಿಗೆ ಹಾಕದೆ ನೋಡುತ್ತಲೇ ನಿಂತರು.

"ಒತ್ತುದ್ಮ್ಯಾಲೆ ಓಯ್ತು ಅಂತ ನಂಗೆಂಗೆ ಗೊತ್ತಾಗ್ಬೇಕು ಸಾ?"

"ಕಳಿಸಿದ್ದರಲ್ಲಿ ಕಾಣಿಸ್ತದೆ ಯಜಮಾನ್ರೆ."

"ಕಾಣುಸ್ತದೆ. ಅವಾಗ್ಲೂ ಏನೋ ಕಾಣುಸ್ತಿತ್ತು. ಓಯ್ತು ಅಂತ್ಲೇ ಅನ್ಕಂಡಿದ್ದೆ."

ಬೇಲಿ ಕಟ್ಟುವವರ ಸುತ್ತಿಗೆ ಸದ್ದು ದೂರದಿಂದ ಬರುತ್ತಿತ್ತು.

"ನಾನು ಓದ್ತೀನಿ" ಅಂದೆ. "ಓದಿ ಫೋನ್ ಮಾಡ್ತೀನಿ."

"ನೀವಾ?"

"ಹೂಂ."

"ದಿನಾನಾ? ಬಾನ್ವಾರಾನೂ?"

"ಭಾನುವಾರಾನೂ. ಬೆಳಿಗ್ಗೆ ಆರೂಮುಕ್ಕಾಲಿಗೆ."